ಯಜಮಾನನಿಲ್ಲದ ದೋಣಿ

"ಗುರುಗಳೇ, ಯಜಮಾನನೇ ಇಲ್ಲದ ಸಂಘಕ್ಕೆ ಸರಕಾರದ ಪುಸ್ತಕದಲ್ಲಿ ಹೆಸರು ಯಾಕೆ? ಅದು ತೆರಿಗೆ ಯಾಕೆ ಕಟ್ಟಬೇಕು?" ಎಂದು ಶಿಷ್ಯ ಶಿವಪ್ರಭು ಕೇಳಿದ. ಅವನೂ ಅಂಥದೊಂದು ಸಂಘದಲ್ಲಿದ್ದ. ಅಲ್ಲಿ ಅಧ್ಯಕ್ಷನಿಲ್ಲ, ಕಚೇರಿಯಿಲ್ಲ. ಕಂಪ್ಯೂಟರಿನಲ್ಲಿ ಬರೆದಿಟ್ಟ ನಿಯಮವೇ ಎಲ್ಲವನ್ನೂ ನಡೆಸುತ್ತದೆ. ನಿಯಮ ಬದಲಿಸಬೇಕಾದರೆ ಸದಸ್ಯರೆಲ್ಲ ಮತ ಹಾಕಬೇಕು.

ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಮೂವತ್ತು ಮನೆಯವರು ಸೇರಿ ಒಂದು ದೋಣಿ ಮಾಡಿಸಿದರು. ಯಾರೂ ಅದನ್ನು ತನ್ನದೆನ್ನಬಾರದೆಂದು ಬಡಗಿಯ ಗುರುತನ್ನೂ ಉಜ್ಜಿ ಅಳಿಸಿದರು. ಯಾವ ದಿನ ಯಾವ ಮನೆಯವರು ಹುಟ್ಟು ಹಾಕಬೇಕು, ದಾಟುವವರು ಕೊಟ್ಟ ಕಾಳನ್ನು ಹೇಗೆ ಹಂಚಬೇಕು ಎಂಬುದನ್ನೆಲ್ಲ ದಡದ ಬಂಡೆಯ ಮೇಲೆ ಕೆತ್ತಿಸಿದರು. ಹೊಸ ಮಾತು ಬಂದರೆ ಮನೆಗೊಂದು ಬೀಜ ಮಡಕೆಗೆ ಹಾಕುವರು. ಹುಣಸೆಬೀಜ ಹೆಚ್ಚಾದರೆ ಆಯಿತು, ಹೊಂಗೆಬೀಜ ಹೆಚ್ಚಾದರೆ ಇಲ್ಲ. ಹನ್ನೆರಡು ವರ್ಷ ಒಂದು ಜಗಳವಿಲ್ಲ, ಒಂದು ಕಳ್ಳತನವಿಲ್ಲ. ಅರಮನೆಗಳಲ್ಲೂ ಕಾಣದ ನೇಮ ಅದು; ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಅವರಲ್ಲಿ ಒಬ್ಬ ಅಂಬಿಗನಿಗಂತೂ ಆ ದೋಣಿಯೆಂದರೆ ಎಲ್ಲಿಲ್ಲದ ಹೆಮ್ಮೆ. ಒಮ್ಮೆ ಅರಸನ ಅಧಿಕಾರಿ ಬಂದು, "ದೋಣಿ ಯಾರದು? ಹೆಸರು ಬರೆಸಿ, ಸುಂಕ ಕಟ್ಟಿ. ದೋಣಿ ನಿಲ್ಲುವ ಈ ಕಡವಿನ ಮೆಟ್ಟಿಲು, ವೈದ್ಯರ ಮನೆ ನಡೆಯುವುದು ಅದರಿಂದಲೇ" ಎಂದ.

"ಯಾರದೂ ಅಲ್ಲ ಸ್ವಾಮಿ. ಬೇಕಿದ್ದರೆ ಬಂಡೆಯನ್ನು ಕೇಳಿ" ಎಂದ ಅಂಬಿಗ. ದಡದಲ್ಲಿದ್ದವರೆಲ್ಲ ನಕ್ಕರು. ಅಧಿಕಾರಿ ಪೆಚ್ಚುಮೋರೆ ಹಾಕಿಕೊಂಡು ಹೋದ.

ಮುಂದಿನ ಮಳೆಗಾಲ ಕಳೆದ ಮೇಲೆ, ಅಂಬಿಗನ ಸರದಿಯ ದಿನವೇ, ದೋಣಿ ದಡ ಮುಟ್ಟುವಾಗ ಒಳಗೊಳಗೇ ಕೊಳೆತಿದ್ದ ಹಲಗೆಯೊಂದು ಮುರಿದು ದೋಣಿ ಮೆಟ್ಟಿಲ ಕಡೆಗೆ ವಾಲಿತು. ಅಂಚಿನಲ್ಲಿ ಕುಳಿತಿದ್ದ ಕುಂಬಾರಗಿತ್ತಿಯ ಬಲಗೈ ದೋಣಿಗೂ ಮೆಟ್ಟಿಲಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ತಪ್ಪು ಯಾರದೂ ಅಲ್ಲ. ಆದರೆ ತಿಗರಿ ತಿರುಗಿಸುವ ಕೈ ಅದು. ಅಂಬಿಗ ಅವಳನ್ನು ಅದೇ ವೈದ್ಯರ ಮನೆಗೆ ಹೊತ್ತು ಓಡಿದ.

ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ಅವಳು ಕೇಳಿದಳು: "ಅಣ್ಣಾ, ಇನ್ನು ನನ್ನ ಮಕ್ಕಳ ಹೊಟ್ಟೆಗೆ ಯಾರನ್ನು ಕೇಳಲಿ? ದೋಣಿ ಯಾರದು?"

'ಯಾರದೂ ಅಲ್ಲ' ಎಂದು ಸಾವಿರ ಸಲ ಆಡಿದ ಮಾತು ಅಂಬಿಗನ ನಾಲಗೆಯ ತುದಿಗೆ ಬಂತು. ಆಡಲಾಗಲಿಲ್ಲ. ಅವನಿಗೆ ನಾಚಿಕೆಯಾಯಿತು.

ಅವನು ಹೋಗಿ ಬಂಡೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಹಂಚಿಕೊಳ್ಳುವುದಕ್ಕೆ ಒಂಬತ್ತು ಸಾಲು ಇದ್ದವು; ಹೊಣೆ ಹೊರುವುದಕ್ಕೆ ಒಂದೂ ಇರಲಿಲ್ಲ. ಮೂವತ್ತು ಮನೆಯವರನ್ನು ಕರೆದು, ನಡೆದದ್ದನ್ನು ಹೇಳಿ, ದೋಣಿಗೊಂದು ಹೆಸರಿಟ್ಟು ಹೊಣೆಯನ್ನು ಅದರ ಮೇಲೆ ಹೊರಿಸೋಣವೇ ಎಂದು ಕೇಳಿ, ಮಡಕೆಯನ್ನು ನಡುವೆ ಇಟ್ಟ. ತೆಗೆದು ನೋಡಿದರೆ ಮೂವತ್ತೂ ಹುಣಸೆಬೀಜ.

ಹೆಸರು ಯಾವುದಿಡಬೇಕೆಂಬುದಕ್ಕೆ ಮಾತ್ರ ಜಗಳವಾಯಿತು, ಹನ್ನೆರಡು ವರ್ಷದಲ್ಲಿ ಮೊದಲ ಜಗಳ. ಕೊನೆಗೆ ಹೊಳೆಗೌರಿ ಎಂದಿಟ್ಟರು. ಬಂಡೆಯ ಮೇಲೆ ಹತ್ತನೆಯ ಸಾಲು ಕೆತ್ತಿಸಿದರು: ಹೊಳೆಗೌರಿಯಿಂದ ನೊಂದವರಿಗೆ ಹೊಳೆಗೌರಿಯೇ ಹೊಣೆ; ಕಡವಿನ ಸುಂಕವನ್ನೂ ಅವಳೇ ಕಟ್ಟುತ್ತಾಳೆ. ಅಧಿಕಾರಿ ತನ್ನ ಪುಸ್ತಕದಲ್ಲಿ ಯಜಮಾನನ ಜಾಗವನ್ನು ಖಾಲಿ ಬಿಟ್ಟು, ಹೊಣೆಗಾರನ ಜಾಗದಲ್ಲಿ ದೋಣಿಯ ಹೆಸರು ಬರೆದುಕೊಂಡ. ಅಂದಿನಿಂದ ದೋಣಿಯ ಕಾಳಿನಲ್ಲಿ ಮೊದಲ ಪಾಲು ಕುಂಬಾರಗಿತ್ತಿಯ ಮನೆಗೆ ಹೋಯಿತು. ಹುಟ್ಟು ಹಾಕುವ ಸರದಿ ಮೊದಲಿನಂತೆಯೇ ನಡೆಯಿತು, ಯಾರೂ ಯಜಮಾನರಾಗಲಿಲ್ಲ.

ಕತೆ ಮುಗಿಯಿತು. ಶಿವಪ್ರಭುವಿಗೆ ಸಮಾಧಾನವಾಗಲಿಲ್ಲ. "ಎಷ್ಟೆಂದರೂ ಅವರು ಅರಸನಿಗೆ ತಲೆಬಾಗಿದ ಹಾಗಾಯಿತಲ್ಲ ಗುರುಗಳೇ?" ಎಂದ.

ಗುರುಗಳು ಹೇಳಿದರು: "ನಾಳೆ ಆ ಕುಂಬಾರಗಿತ್ತಿ ನಿಮ್ಮ ಸಂಘವನ್ನು ಹುಡುಕಿಕೊಂಡು ಬಂದರೆ, ಯಾವ ಹೆಸರು ಹಿಡಿದು ಕೂಗಬೇಕಪ್ಪಾ?"