ಅರವತ್ಮೂರು ಹೆಸರು ಮರೆತ ದಾವಲಸಾಬ

ಎಷ್ಟೋ ಮಳೆಗಾಲದ ಹಿಂದಿನ ಮಾತು. ಎಷ್ಟು ಅಂತ ಕೇಳಬೇಡಿ, ನಾನು ಕಲಿತದ್ದು ಎರಡನೇ ಇಯತ್ತೆ, ನೂರರ ಮುಂದಿನ ಎಣಿಕೆ ನನ್ನ ಕೈಗೆ ಸಿಗುವುದಿಲ್ಲ. ಹುಲಗಲದಿನ್ನಿ ಅಂತ ಒಂದು ಊರಿತ್ತು. ಈಗಲೂ ಇದೆ, ನಾವು ಕೂತಿರುವುದು ಅಲ್ಲೇ. ಊರಿಗೆ ಒಂದು ಸಾಲಿ, ಸಾಲಿಗೆ ಒಬ್ಬ ಮಾಸ್ತರ, ಮಾಸ್ತರನ ಕೈಕೆಳಗೆ ಒಬ್ಬ ಸಿಪಾಯಿ. ಆ ಸಿಪಾಯಿಯ ಹೆಸರು ದಾವಲಸಾಬ.

ಗಂಟೆ ಹೊಡೆಯುವುದು, ಕಸ ಗುಡಿಸುವುದು, ಕೊಡ ತುಂಬುವುದು ಅವನ ಕೆಲಸ. ಸಾಲಿಯ ಪಕ್ಕದ ಕೋಣೆಯಲ್ಲೇ ಇರುತ್ತಿದ್ದನಂತೆ, ಒಬ್ಬನೇ. ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡಳು ಅಂತ ಕೆಲವರು. ತವರಿಗೆ ಹೋದವಳು ತಿರುಗಿ ಬರಲಿಲ್ಲ ಅಂತ ಕೆಲವರು. ಮದುವೆಯೇ ಆಗಿರಲಿಲ್ಲ ಅಂತ ಇನ್ನು ಕೆಲವರು. ನಾನು ಮೂರನ್ನೂ ನಂಬುತ್ತೇನೆ, ಕೇಳುವವರ ಮುಖ ನೋಡಿ ಒಂದನ್ನು ಹೇಳುತ್ತೇನೆ.

ಅವನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಏಪ್ರಿಲ್ ಹತ್ತು ಬಂತೆಂದರೆ ಊರಿಗೆ ಅವನೇ ದೊರೆ. ಅವತ್ತು ಮಾಸ್ತರರು ಮಕ್ಕಳನ್ನು ಮನೆಗೆ ಕಳಿಸಿ, ಪಾಸು-ನಾಪಾಸಿನ ಪಟ್ಟಿಯನ್ನು ಅವನೊಬ್ಬನಿಗೆ ಒಂದೇ ಒಂದು ಸಲ ಗಟ್ಟಿಯಾಗಿ ಓದುತ್ತಿದ್ದರಂತೆ. ದಾವಲಸಾಬ ಹೊಸ್ತಿಲ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದನಂತೆ. ಒಮ್ಮೆ ಮಾಸ್ತರರು ಓದುವಾಗ ಒಂದು ಹೆಸರು ಹಾರಿಸಿದರು, ಇವನು ಒಂದು ಕಣ್ಣು ತೆರೆದ, ಅವರು ಹಿಂದೆ ಹೋಗಿ ಆ ಹೆಸರು ಓದಿದರು. ಹಾಗಂತಾರೆ. ಕಂಡವರು ಯಾರೂ ಉಳಿದಿಲ್ಲ.

ಓದಿ ಮುಗಿದ ಮೇಲೆ ಗಂಟೆ ಹಿಡಿದು ಎದ್ದ ಅಂದರೆ ಊರಬಾಗಿಲ ಅಗಸಿಯಿಂದ ಶುರು, ಮನೆಮನೆಗೆ. ಮಗುವಿನ ಹೆಸರು, ಅಪ್ಪನ ಹೆಸರು, ಇಯತ್ತೆ, ಪಾಸೋ ನಾಪಾಸೋ. ಅರವತ್ಮೂರು ಮಕ್ಕಳು, ಎಷ್ಟೋ ವರ್ಷ, ಒಂದೂ ತಪ್ಪಿಲ್ಲ. ಫಲಿತಾಂಶದ ಹಿಂದೆಯೇ ಸಾಲಿಯ ವರ್ಷದ ಸುದ್ದಿ. ಈ ಸಲ ಚಾವಣಿಯ ಹಂಚು ಎರಡು ಬಿದ್ದವು, ಕುಂಬಾರ ಕಾಳವ್ವ ನೀರಿನ ಕೊಡ ಕೊಟ್ಟಳು, ಬರುವ ಜೂನಿಗೆ ಆರು ಹೊಸ ಮಕ್ಕಳು, ಮಾಸ್ತರರಿಗೆ ವರ್ಗ ಆಯಿತು. ಒಂದು ಮನೆಯಲ್ಲಿ ಆಕಳು ಈದಿದ್ದರೆ ಆ ಸುದ್ದಿಯೂ ಮುಂದಿನ ಮನೆಗೆ ಅವನ ಬಾಯಲ್ಲೇ ಹೋಗುತ್ತಿತ್ತು. ಅವತ್ತು ಹೆಂಗಸರು ಹೊಲಕ್ಕೆ ಹೋಗುತ್ತಿರಲಿಲ್ಲವಂತೆ.

ಆದರೆ ರುಚಿಯಾದ ಸುದ್ದಿ ಅವನು ಹೇಳುತ್ತಿರಲಿಲ್ಲ. ನಮ್ಮ ಆಯಿ, ಅಂದರೆ ನಮ್ಮಜ್ಜಿ, ಕೇಳಿದ್ದಳಂತೆ, "ಯಾಕೋ ದಾವಲ್ಯಾ, ಗೌಡರ ಸೊಸಿ ತವರಿಗೆ ಹ್ವಾದಾಕಿ ಮೂರು ತಿಂಗಳಾತು, ಒಳಗಿಂದೇನು?"

"ನಂದು ಸಾಲಿ ಸುದ್ದಿ ಅಷ್ಟ ರೀ ಅವ್ವಾರ."

ಎಲ್ಲಾ ಮನೆಯ ಬಾಗಿಲಲ್ಲಿ ನಿಲ್ಲುವವನಿಗೆ ಒಳಗಿನದು ಗೊತ್ತಿರುವುದಿಲ್ಲವೇ? ಅಂಥದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನುಷ್ಯ ಹೇಗೆ ಬದುಕುತ್ತಾನೆ, ನನಗಂತೂ ತಿಳಿಯದು. ಇನ್ನೊಂದು ಮಾತು. ಊರಿನ ಸುದ್ದಿಯೆಲ್ಲ ಅವನ ಬಾಯಲ್ಲಿತ್ತು, ನೀ ಹೇಗಿದ್ದೀಯಪ್ಪಾ ಅಂತ ಅವನನ್ನು ಕೇಳಿದವರು ಯಾರೂ ಇರಲಿಲ್ಲ. ನಮ್ಮ ಆಯಿಯೂ ಕೇಳಲಿಲ್ಲ.

ಹೀಗಿರುವಾಗ ಒಂದು ವರ್ಷ. ಎತ್ತಿನ ದಲ್ಲಾಳಿ ಪರಪ್ಪ ಅಂತ ಒಬ್ಬನಿದ್ದ. ಅವನ ಮಗಳು ನಿಂಬೆವ್ವ, ಮೂರನೇ ಇಯತ್ತೆ. ಅವಳಿಗೊಂದು ಗಂಡು ಗೊತ್ತುಮಾಡಿದ್ದ. ಗಂಡು ಅಂದರೆ ಪರಪ್ಪನಿಗಿಂತ ಎರಡು ವರ್ಷ ದೊಡ್ಡವನು, ಮೀಸೆಗೆ ಕಪ್ಪು ಹಚ್ಚುತ್ತಿದ್ದ. ಮೊದಲನೆಯ ಹೆಂಡತಿ ಬಾವಿಗೆ ಬಿದ್ದಿದ್ದಳು, ಎರಡನೆಯವಳು ಬಳೆಗಾರನ ಹಿಂದೆ ಹೋಗಿದ್ದಳು. ಜಾಣೆ. ನಿಂಬೆವ್ವನ ತಾಯಿ ಗುರುಸಿದ್ದವ್ವ ಮೂರು ದಿನ ಒಲೆ ಹಚ್ಚದೆ ಕೂತಳಂತೆ. ಕಡೆಗೆ ಪರಪ್ಪ ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟ, "ಪಾಸಾದಳೋ, ಸಾಲಿ. ನಾಪಾಸಾದಳೋ, ಬಾಸಿಂಗ."

ಹುಡುಗಿ ಆ ವರ್ಷವೆಲ್ಲ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಲೆಕ್ಕದಲ್ಲಿ ಸೊನ್ನೆ. ಏಪ್ರಿಲ್ ಹತ್ತರಂದು ಮಾಸ್ತರರು ಓದಿದರು: ನಿಂಬೆವ್ವ ಪರಪ್ಪ, ಮೂರನೇ ಇಯತ್ತೆ, ನಾಪಾಸು. ಪಟ್ಟಿಯ ಪುಸ್ತಕ ಪೆಟ್ಟಿಗೆಗೆ ಹಾಕಿ, ಕೀಲಿ ಜಡಿದು, ವರ್ಗವಾದ ಊರಿಗೆ ಗಾಡಿ ಹತ್ತಿದರು.

ದಾವಲಸಾಬ ಪರಪ್ಪನ ಬಾಗಿಲಿಗೆ ಬಂದಾಗ ಕಟ್ಟೆಯ ಮೇಲೆ ಗಂಡಿನ ಕಡೆಯವರು ತೆಂಗಿನಕಾಯಿ, ಕುಬಸದ ಕಣ ಇಟ್ಟುಕೊಂಡು ಕೂತಿದ್ದರಂತೆ. ಕದದ ಹಿಂದೆ ಗುರುಸಿದ್ದವ್ವ. ಅವನು ಗಂಟೆ ಬಾರಿಸಿದ. ಕದದ ಸಂದಿಯ ಕಡೆ ಒಮ್ಮೆ ನೋಡಿದ ಅಂತಾರೆ. ಆಮೇಲೆ ಅಂದ, "ನಿಂಬೆವ್ವ ಪರಪ್ಪ, ಮೂರನೇ ಇಯತ್ತೆ, ಪಾಸು."

ಜಂತಿಯಲ್ಲಿ ಹಲ್ಲಿ ಲೊಚಗುಟ್ಟಿತಂತೆ. ಹಲ್ಲಿಯೂ ಸುಳ್ಳು ಹೇಳುತ್ತದೆ ಅಂತ ನಮ್ಮೂರಿಗೆ ಗೊತ್ತಾಗಿದ್ದು ಆಮೇಲೆ. ಮೀಸೆಯವನು ತೆಂಗಿನಕಾಯಿ ಕಂಕುಳಲ್ಲಿ ಇಟ್ಟುಕೊಂಡು ಎದ್ದುಹೋದ.

ಜೂನಿನಲ್ಲಿ ಹೊಸ ಮಾಸ್ತರರು ಬಂದರು, ರಾಘಪ್ಪ ಮಾಸ್ತರ ಅಂತ. ಪೆಟ್ಟಿಗೆ ತೆಗೆದು ನೋಡಿದರೆ ಪಟ್ಟಿಯ ಪುಸ್ತಕಕ್ಕೆ ಒರಲೆ ಹತ್ತಿ ಮಣ್ಣಾಗಿತ್ತು. ಇನ್ನು ಸಾಲಿಯ ಪುಸ್ತಕ ಅಂದರೆ ದಾವಲಸಾಬನ ನಾಲಿಗೆ ಒಂದೇ. ಅದು ಹಾಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಅಂಗಡಿ ಶಂಕ್ರವ್ವ ಅಂತ ಒಬ್ಬಳಿದ್ದಳಲ್ಲ, ಅವಳ ನಾಲಿಗೆ ನನ್ನದಕ್ಕಿಂತ ಒಂದು ಗೇಣು ಉದ್ದವಿತ್ತಂತೆ. ಅವಳ ಮಗನೂ ಮೂರನೇ ಇಯತ್ತೆಯಲ್ಲಿ ನಾಪಾಸಾಗಿದ್ದ. ನಿಂಬೆವ್ವ ನಾಲ್ಕರಲ್ಲಿ ಕೂತದ್ದನ್ನು ನೋಡಿ ಅವನು ತಾಯಿಗೆ ಹೇಳಿದ, ಅವಳ ಲೆಕ್ಕವೆಲ್ಲ ತಪ್ಪು ಅಂತ ಹಳೆಯ ಮಾಸ್ತರರೇ ಎಲ್ಲರೆದುರು ಬೈದಿದ್ದರು ಅಂತ.

ಶಂಕ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿಯ ಅಂಗಳಕ್ಕೆ ಬಂದಳು. ಅವಳ ಹಿಂದೆ ಊರು ಬಂತು.

"ನನ್ನ ಮಗಾ ದಡ್ಡ ಖರೆ. ಆದರ ಆಕಿ ಇವನಕಿಂತ ದಡ್ಡಿ! ಪರಪ್ಪ ಏನು ತಿನಿಸಿದನೋ ಈ ಸಿಪಾಯಿಗೆ!"

ಪರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹಳೇ ಮಾಸ್ತರನ್ನ ಕೇಳಿಸ್ರಿ. ಸುಳ್ಳಾದರ ಈ ವಾರದಾಗ ಬಾಸಿಂಗ ಕಟ್ಟತೀನಿ, ಮಾತಂದರ ಮಾತು!"

ಗಂಡಸರ ಮಾತಿಗೆ ಹೆಣ್ಣುಮಕ್ಕಳ ಕುತ್ತಿಗೆ. ಇರಲಿ.

ರಾಘಪ್ಪ ಮಾಸ್ತರರು ಸಮಾಧಾನದ ಮನುಷ್ಯ. ಕಾಗದ, ಲೇಖನಿ ತೆಗೆದುಕೊಂಡು ಕೂತರು. "ದಾವಲಸಾಬ, ಆ ಅರವತ್ಮೂರೂ ಹೆಸರು ಇನ್ನೊಮ್ಮೆ ಹೇಳು, ಬರಕೋತೀನಿ. ನಿನ್ನ ಪಟ್ಟಿ ಗಟ್ಟಿ ಇದ್ದರ ಆ ಹುಡುಗಿ ಒಬ್ಬಾಕಿ ಮಾತು ಹಳೇ ಮಾಸ್ತರಿಗೆ ಕೇಳಿಸೋಣು. ಪಟ್ಟೀನ ಹರಕ ಇದ್ದರ ಎಲ್ಲಾ ಮಕ್ಕಳಿಗೂ ಹೊಸದಾಗಿ ಪರೀಕ್ಷಾ."

ದಾವಲಸಾಬ ಹೊಸ್ತಿಲ ಮೇಲೆ ಕೂತ. ಕಣ್ಣು ಮುಚ್ಚಿದ. ಹೇಳತೊಡಗಿದ.

ಮೊದಲು ಗೌಡರ ಮೊಮ್ಮಗ. ಅವನಿಗೆ ತೀರಿಹೋದ ಅಜ್ಜನ ಹೆಸರಿಟ್ಟು ಒಂದನೇ ಇಯತ್ತೆಯಲ್ಲಿ ನಾಪಾಸು ಮಾಡಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಾಸಾದವರನ್ನು ನಾಪಾಸು ಮಾಡಿದ, ನಾಪಾಸಾದವರನ್ನು ಎರಡು ಇಯತ್ತೆ ಮೇಲೆ ಕೂರಿಸಿದ. ಬಡಿಗೇರ ಮಗನಿಗೆ ಕುಂಬಾರ ಅಪ್ಪ, ಕುಂಬಾರ ಮಗಳಿಗೆ ಪೂಜಾರಿ ಅಪ್ಪ. ಆಗ ಹೆಂಗಸರು ನಗತೊಡಗಿದರು. ಶಂಕ್ರವ್ವನ ಮಗನನ್ನು ನಿಂಬೆವ್ವ ಅಂದ, ನಿಂಬೆವ್ವನನ್ನು ಶಂಕ್ರವ್ವ ಅಂದ. ಗಂಡಸರೂ ನಕ್ಕರು. ಅರವತ್ಮೂರು ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲವಂತೆ.

"ನೆನಪು ಹೋಗೈತ್ರಿ" ಅಂದ ದಾವಲಸಾಬ. "ಯಾವಾಗ ಹೋತೋ ಗೊತ್ತಾಗಲಿಲ್ಲ."

"ಮುದುಕಗ ಅರಳುಮರಳು" ಅಂದಳು ಶಂಕ್ರವ್ವ. ಅಷ್ಟು ವರ್ಷ ಅವನು ಹೇಳಿದ್ದೆಲ್ಲ ಒಂದು ಗಳಿಗೆಯಲ್ಲಿ ಕಸವಾಯಿತು. ಹತ್ತು ವರ್ಷದ ಹಿಂದೆ ನಾಪಾಸಾದವರೂ ಮೀಸೆ ತಿರುವಿ, ನಾವು ಪಾಸೇ ಆಗಿದ್ದೆವೋ ಏನೋ ಅಂತ ಗೊಣಗಿದರಂತೆ.

ಈಗ ನೀವೇ ಹೇಳಿ. ಕುರುಡ ಕಲ್ಲೆಸೆದರೂ ಒಂದು ಮಾವಿನಕಾಯಿ ಬೀಳುತ್ತದೆ. ಅರವತ್ಮೂರರಲ್ಲಿ ಒಂದಾದರೂ ಸರಿ ಬೀಳಬೇಡವೇ? ಒಂದೂ ಬೀಳಲಿಲ್ಲ. ಎಲ್ಲಾ ತಪ್ಪು ಹೇಳಬೇಕಾದರೆ ಎಲ್ಲಾ ಸರಿ ಗೊತ್ತಿರಬೇಕು. ಎರಡನೇ ಇಯತ್ತೆಯ ನನಗೆ ಹೊಳೆದದ್ದು ಅವತ್ತು ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಹೊಳೆದಿತ್ತು ಅನ್ನುತ್ತಿದ್ದಳು ನಮ್ಮ ಆಯಿ. ಬಾಯಿ ಬಿಡಲಿಲ್ಲ ಅಷ್ಟೇ.

ಒಂದು ತಿಂಗಳಿಗೆ ಹೊಸ ಪರೀಕ್ಷೆ. ಆ ತಿಂಗಳು ಗುರುಸಿದ್ದವ್ವ ಮಗಳನ್ನು ದಿನಾ ಮುಂಜಾನೆ ಸಾಲಿಗೆ ಕಳಿಸಿದಳು. ದಾವಲಸಾಬ ಕಸ ಗುಡಿಸುತ್ತಾ ಮಗ್ಗಿ ಹೇಳುತ್ತಿದ್ದನಂತೆ, ಕಿಟಕಿಯಿಂದ ಇಷ್ಟು ವರ್ಷ ಕೇಳಿದ ಮಗ್ಗಿ, ಇಪ್ಪತ್ತರವರೆಗೆ. ಹುಡುಗಿ ಅವನ ಹಿಂದೆ ಹೇಳುತ್ತಿದ್ದಳಂತೆ. ಎರಡು ಅಂಕದಿಂದ ಪಾಸಾದಳು. ಐದು ಅಂತಾರೆ ಕೆಲವರು. ನಾನು ಹತ್ತು ಅಂತ ಹೇಳುತ್ತೇನೆ. ಏಳನೇ ಇಯತ್ತೆಯವರೆಗೆ ಓದಿ, ಆಮೇಲೆ ಅವಳೂ ಗಂಡನ ಮನೆಗೆ ಹೋದಳು. ಆ ಮೀಸೆಯವನ ಮನೆಗಲ್ಲ.

ಮರುವರ್ಷ ಏಪ್ರಿಲ್ ಹತ್ತರಂದು ರಾಘಪ್ಪ ಮಾಸ್ತರರು ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಅಂಟಿಸುವ ಮೊದಲು ರೂಢಿಯಂತೆ ಒಂದು ಸಲ ಓದಿದರು. ಮಕ್ಕಳು ತಾವೇ ನೋಡಿಕೊಂಡು ಮನೆಗೆ ಹೋದರು. ದಾವಲಸಾಬ ಗಂಟೆ ಹಿಡಿದು ಅಗಸಿಯಿಂದ ಶುರುಮಾಡಿದ.

ಗಂಟೆಯ ಸದ್ದಿಗೆ ಒಂದೊಂದೇ ಕದ ಹಾಕಿಕೊಂಡವಂತೆ. ಅರಳುಮರಳಿನವನ ಬಾಯಿಂದ ಮಕ್ಕಳ ಹೆಸರು ಕೇಳಬಾರದು, ಅಪಶಕುನ ಅಂತ ಯಾರೋ ಎಬ್ಬಿಸಿದ್ದರು. ಯಾರೋ ಅಲ್ಲ, ಶಂಕ್ರವ್ವನೇ. ಅವನು ಮುಚ್ಚಿದ ಕದದ ಮುಂದೆ ನಿಂತ. ಮಗುವಿನ ಹೆಸರು, ಅಪ್ಪನ ಹೆಸರು, ಇಯತ್ತೆ, ಪಾಸು. ಮುಂದಿನ ಕದ. ಸಾಲಿಯ ಕೊಡ ಒಡೆದದ್ದು ಹೇಳಿದ, ಜೂನಿಗೆ ನಾಲ್ಕು ಹೊಸ ಮಕ್ಕಳು ಅಂದ. ಒಳಗೆ ಎಲ್ಲರೂ ಕದಕ್ಕೆ ಕಿವಿ ಹಚ್ಚಿ ನಿಂತಿದ್ದರಂತೆ, ಮಕ್ಕಳು ಗೋಡೆಯ ಮೇಲೆ ನೋಡಿಬಂದದ್ದಕ್ಕೆ ತಾಳೆ ಹಾಕುತ್ತ. ಒಂದೂ ತಪ್ಪಿರಲಿಲ್ಲ. ತಪ್ಪಿಲ್ಲ ಅಂತ ಗೊತ್ತಾದಷ್ಟೂ ಕದ ತೆಗೆಯುವುದು ಕಷ್ಟವಾಯಿತು. ತೆಗೆದರೆ ಅವನ ಮುಖ ನೋಡಬೇಕಲ್ಲ.

ಗುರುಸಿದ್ದವ್ವ ಅಗಳಿಗೆ ಕೈ ಹಾಕಿದ್ದಳಂತೆ. ಒಳಗೆ ಪರಪ್ಪ ಕೂತಿದ್ದ. ತೆಗೆಯಲಿಲ್ಲ. ನಮ್ಮ ಆಯಿಯೂ ತೆಗೆಯಲಿಲ್ಲ. ಈ ಕಥೆ ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ಅವಳು ಎಲೆ ಅಡಿಕೆ ಹುಡುಕುತ್ತಿದ್ದಳು.

ಆಮೇಲೆ ಸೂಟಿ. ಸೂಟಿಯಲ್ಲಿ ಸಾಲಿಯ ಕಡೆ ಯಾರು ಹೋಗುತ್ತಾರೆ? ಜೂನಿನಲ್ಲಿ ಮೊದಲ ದಿನ ಗಂಟೆ ಕೇಳಿಸಲಿಲ್ಲ, ಅವನಿಲ್ಲ ಅಂತ ಆಗ ಊರಿಗೆ ತಿಳಿಯಿತು. ಕೋಣೆಯಲ್ಲಿ ಕಸ ಗುಡಿಸಿತ್ತು, ಚಾಪೆ ಸುತ್ತಿಟ್ಟಿತ್ತು. ಎರಡು ತಿಂಗಳಲ್ಲಿ ಯಾವ ದಿನ ಹೋದ, ಯಾರಿಗೂ ಗೊತ್ತಿಲ್ಲ. ಯಾವುದೋ ದರ್ಗಾದ ಉರುಸಿನಲ್ಲಿ ನೀರು ಕೊಡುತ್ತಿದ್ದ ಅಂತ ಒಬ್ಬರು. ನದಿಯಾಚೆಯ ಸಾಲಿಯೊಂದರ ಹಿಂದೆ ಅವನದೊಂದು ಗೋರಿ ಇದೆ ಅಂತ ಇನ್ನೊಬ್ಬರು. ಹಾಗಂತಾರೆ. ಸುದ್ದಿ ತರಬೇಕಾದವನೇ ಹೋದಮೇಲೆ ಖರೆ ಸುದ್ದಿ ಯಾರು ತರಬೇಕು?

ಅಂದಿನಿಂದ ಹುಲಗಲದಿನ್ನಿಯಲ್ಲಿ ಏಪ್ರಿಲ್ ಹತ್ತರಂದು ಬೆಳಗಿನಿಂದ ದೀಪ ಹಚ್ಚುವತನಕ ಯಾರೂ ಕದ ಹಾಕುವುದಿಲ್ಲ. ಭಿಕ್ಷುಕರಿಗೂ ತೆಗೆಯದ ಮನೆಗಳಿವೆ ನಮ್ಮೂರಲ್ಲಿ, ಹೆಸರು ಬೇಕಾದರೆ ಆಮೇಲೆ ಹೇಳುತ್ತೇನೆ, ಅವೂ ಹಾಕುವುದಿಲ್ಲ. ಪಾಸಾದ ಮಗುವೂ ನಾಪಾಸಾದ ಮಗುವೂ ಓಣಿಯ ಮನೆಮನೆಗೆ ಹೋಗಿ ತನ್ನದನ್ನು ತಾನೇ ಹೇಳಬೇಕು, ಮನೆಯವರು ಎದ್ದು ನಿಂತು ಕೇಳಬೇಕು. ನಡುಮಧ್ಯಾಹ್ನಕ್ಕೆ ಅದು ಮುಗಿಯುತ್ತದೆ. ಆಮೇಲೆ ಬರಿ ಬಿಸಿಲು, ಖಾಲಿ ಓಣಿ, ತೆರೆದ ಕದಗಳು. ಒಳಗೆ ನಾಯಿ ಬರುತ್ತದೆ, ಧೂಳು ಬರುತ್ತದೆ. ಹೋದ ವರ್ಷ ಆ ಹೊತ್ತಿನಲ್ಲಿ ಗಾಳಿಗೆ ನಮ್ಮ ಕದ ತಾನಾಗಿ ಹಾಕಿಕೊಂಡಿತು. ನಾನು ಎದ್ದು ಹೋಗಿ ತೆಗೆದು, ಒಂದು ಕಲ್ಲು ಒತ್ತಿಟ್ಟು ಬಂದು ಕೂತೆ.