ಕಪಾಟಿನ ಕಾಲಡಿಯ ಬಟ್ಟಲು

ಬೆಲ್ಲದ ಕಪಾಟಿಗೆ ಇರುವೆ ಹತ್ತದಿರಲೆಂದು ಅದರ ಕಾಲಡಿಗೆ ನೀರು ತುಂಬಿದ ಕಲ್ಲಿನ ಬಟ್ಟಲನ್ನು ಇಟ್ಟಿದ್ದರು. ದಿನವೂ ಹತ್ತಾರು ಇರುವೆಗಳು ಅದರಲ್ಲಿ ಬಿದ್ದು ಸಾಯುತ್ತಿದ್ದವು. ಮರುದಿನ ಮತ್ತಷ್ಟು ಬರುತ್ತಿದ್ದವು. ಬಟ್ಟಲಿಗೆ ಈ ಸಾವು ನೋಡಿ ನೋಡಿ ಸಾಕಾಗಿತ್ತು.

ಒಂದು ಬೆಳಿಗ್ಗೆ ನೀರಿಗೆ ಬಿದ್ದ ಇರುವೆಯೊಂದು ಕೂಗಿತು: "ಬಟ್ಟಲಜ್ಜಿ, ಬೆಲ್ಲ ಬೇಡ, ಜೀವ ಉಳಿಸು!"

ಬಟ್ಟಲು ನೀರನ್ನು ಮೆಲ್ಲಗೆ ಅಲುಗಿಸಿ, ತೇಲುತ್ತಿದ್ದ ಪೊರಕೆಕಡ್ಡಿಯನ್ನು ಅದರತ್ತ ನೂಕಿತು. ಇರುವೆ ಕಡ್ಡಿ ಹಿಡಿದು ಅಂಚಿಗೆ ಹತ್ತಿ ಓಡಿತು.

"ಚೆನ್ನಾಗಿದೆ ನಿನ್ನ ಕಾವಲು!" ಎಂದು ಕಪಾಟು ಹಂಗಿಸಿತು. "ನಾಳೆ ಅದು ಊರನ್ನೇ ಕರೆತರುತ್ತದೆ, ನೋಡುತ್ತಿರು."

"ನನ್ನನ್ನು ಇಟ್ಟಿರುವುದು ತಡೆಯಲಿಕ್ಕೆ, ಕೊಲ್ಲಲಿಕ್ಕಲ್ಲ" ಎಂದಿತು ಬಟ್ಟಲು. ಆದರೂ ಒಳಗೊಳಗೇ ಅಳುಕಿತು.

ಮರುದಿನ ನಿಜವಾಗಿಯೂ ಉದ್ದನೆಯ ಸಾಲೊಂದು ಬಂತು. ಆದರೆ ಬಟ್ಟಲಿನ ಬಳಿ ಅದೇ ಇರುವೆ ಅಡ್ಡ ನಿಂತಿತ್ತು. "ಹಿಂದಕ್ಕೆ ನಡೆಯಿರಿ. ಇಲ್ಲಿ ನೀರು ಆಳ, ನಾನೇ ಬಿದ್ದು ಬಂದಿದ್ದೇನೆ" ಎಂದು ಒಬ್ಬೊಬ್ಬರಿಗೂ ಹೇಳಿತು. ಇಡೀ ಸಾಲು ಬಂದ ದಾರಿ ಹಿಡಿಯಿತು.

ಕಪಾಟು ಬೆರಗಾಯಿತು. "ಇಷ್ಟು ದಿನ ಯಾರೂ ಹೀಗೆ ತಿರುಗಿ ಹೋಗಲಿಲ್ಲವಲ್ಲ?"

"ಮುಳುಗಿದವರು ಮನೆಗೆ ಹೋಗಿ ಹೇಳುವುದು ಹೇಗೆ, ಅಣ್ಣಾ?" ಎಂದಿತು ಬಟ್ಟಲು.