ಕಪನಯ್ಯ ಕಲ್ಲು ಹತ್ತಿದ್ದು

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಒಬ್ಬ ಶಿಷ್ಯ, ಅಡುಗೆಯ ದೇವೀರಮ್ಮ, ಮತ್ತೆ ಎರಡು ಹಸು.

ಹಸುಗಳಿಗೆ ಎರಡು ಕೆಲಸ. ಹಾಲು ಕೊಡುವುದು, ಶಿಷ್ಯನ ಪ್ರವಚನ ಕೇಳುವುದು.

ಶಿಷ್ಯನ ಹೆಸರು ಕಪನಯ್ಯ. ಒಂಬತ್ತು ವರ್ಷದಿಂದ ಗುರುಗಳ ಕಾಲ ಬುಡದಲ್ಲಿ ಕೂತು ಕಲಿತವನು. ಹಸುಗಳ ಮುಂದೆ ನಿಂತರೆ ವೇದಾಂತವೆಲ್ಲ ಅರಳು ಹುರಿದ ಹಾಗೆ ಬಾಯಿಂದ ಸಿಡಿಯುತ್ತಿತ್ತು. ಎರಡು ಕಾಲಿನವರು ನಾಲ್ಕು ಜನ ಸೇರಿದರೆ ಮುಗಿಯಿತು. ಬಾಯಿಗೆ ಬೀಗ, ಬೀಗದ ಕೈ ಹೊಳೆಯಲ್ಲಿ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಹುಣ್ಣಿಮೆಯ ಮಧ್ಯಾಹ್ನ ಸುತ್ತಲ ಹಳ್ಳಿಯವರೆಲ್ಲ ಊಟಕ್ಕೆ ಬರುತ್ತಿದ್ದರು. ಸಾಲಾಗಿ ಮುತ್ತುಗದ ಎಲೆ ಹಾಕುತ್ತಿದ್ದರು. ದಂಡೆಯ ದೊಡ್ಡ ಕಲ್ಲಿನ ಮೇಲೆ ಒಬ್ಬರು ನಿಂತು ಒಂದು ಒಳ್ಳೆಯ ಮಾತು ಹೇಳಬೇಕು. ಮಾತು ಮುಗಿಯುವ ತನಕ ಎಲೆಗೆ ಒಂದು ಅಗುಳೂ ಬೀಳುವ ಹಾಗಿಲ್ಲ.

ನಲವತ್ತು ವರ್ಷ ಆ ಕಲ್ಲು ಹತ್ತಿದವರು ಗುರುಗಳು. ಈಗ ಅವರ ಗಂಟಲು ಕೈಕೊಟ್ಟಿತ್ತು. ದನಿ ಒಡೆದ ಮಡಕೆ.

"ಇನ್ನು ಮೇಲೆ ನೀನೇ ಹತ್ತು," ಅಂದರು.

ಮೊದಲ ಹುಣ್ಣಿಮೆ. ಕಪನಯ್ಯ ಹತ್ತಿದ. ಕೆಳಗೆ ಇನ್ನೂರು ಜನ, ನಾನೂರು ಕಣ್ಣು. ನಾಲಿಗೆ ಅಂಗುಳಕ್ಕೆ ಅಂಟಿತು.

ನಿಂತ. ನಿಂತೇ ಇದ್ದ. ಒಂದು ಕಾಗೆ ಬಂದು ಖಾಲಿ ಎಲೆಯ ಮೇಲೆ ಕೂತು, ಅವನನ್ನು ನೋಡಿ, ಬೇಜಾರಾಗಿ ಹಾರಿಹೋಯಿತು. ಅನ್ನ ಆರಿತು. ಮಕ್ಕಳು ಅತ್ತವು.

ಕೊನೆಗೆ ಗುರುಗಳೇ ಕೆಳಗಿನಿಂದ ಕೆಮ್ಮುತ್ತಾ ಏನೋ ಒಂದು ಹೇಳಿ ಮುಗಿಸಿದರು. ಮುಂದಿನ ಸಾಲಿಗೆ ಕೇಳಿಸಿತು. ಹಿಂದಿನ ಸಾಲಿನವರು ನಂಬಿಕೆಯ ಮೇಲೆ ಉಂಡರು.

ಎರಡನೇ ಹುಣ್ಣಿಮೆಗೆ ಕಪನಯ್ಯನ ತಲೆಗೆ ಒಂದು ಉಪಾಯ ಹೊಳೆಯಿತು.

"ಗುರುಗಳೇ, ನನ್ನ ಬಾಯಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇರೋದು ಅವರ ಕಣ್ಣಲ್ಲಿ."

"ಹಾಗಾದರೆ ಅವರ ಕಣ್ಣು ಕೀಳಿಸಲಾ?"

"ಬೇಡ ಬೇಡ. ನಾನು ಹೊಳೆ ಕಡೆ ಮುಖ ಮಾಡಿ ನಿಲ್ತೀನಿ."

ಗುರುಗಳಿಗೆ ವಾದ ಮಾಡುವಷ್ಟು ಗಂಟಲಿರಲಿಲ್ಲ. "ಏನಾದರೂ ಮಾಡ್ಕೊಂಡು ಸಾಯಿ," ಅಂದರು.

ಕಪನಯ್ಯ ಜನರಿಗೆ ಬೆನ್ನು ತಿರುಗಿಸಿ ಮಾತಾಡಿದ. ಆಹಾ, ಏನು ಮಾತು! ಉಪಮೆ ಏನು, ದೃಷ್ಟಾಂತ ಏನು! ಗಾಳಿ ಅಷ್ಟನ್ನೂ ಮೂಟೆ ಕಟ್ಟಿಕೊಂಡು ಆಚೆ ದಡಕ್ಕೆ ಹೊತ್ತುಕೊಂಡು ಹೋಯಿತು.

ಮುಗಿಸಿ ತಿರುಗಿದಾಗ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ದೇವೀರಮ್ಮ ಸೌಟು ಹಿಡಿದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಕಪನಯ್ಯಾ, ನಿನ್ನ ಮಾತು ಕೇಳಿದ್ದು ಮೀನು ತಾನೇ? ಹಂಗಾದ್ರೆ ಅವಕ್ಕೇ ಎಲೆ ಹಾಕ್ತೀನಿ. ಈ ಜನ ಮನೆಗೆ ಹೋಗಲಿ ಬಿಡು."

ಇನ್ನೂರು ಜನ ನಕ್ಕರು. ಆ ಹೊತ್ತು ಕಪನಯ್ಯ ಊಟಕ್ಕೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳ ಹಿಂದೆ ಕೂತಿದ್ದ.

ಮಾರನೇ ದಿನ ಗುರುಗಳು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ಹನ್ನೆರಡು ಕುಂಬಳಕಾಯಿಗಳನ್ನು ಸಾಲಾಗಿ ಕೂರಿಸಿದರು.

"ಇವರೇ ಸಭೆ. ಮಾತಾಡು."

ಕಪನಯ್ಯ ಮಾತಾಡಿದ. ಅರಳು ಹುರಿದ ಹಾಗೆ. ಗುರುಗಳು ಮುಖ ಅರಳಿಸಿ ಕೇಳುತ್ತಾ, ಮೆಲ್ಲಗೆ ಒಲೆಯಿಂದ ಒಂದು ಇದ್ದಿಲು ತಂದು, ಮೊದಲನೇ ಕುಂಬಳಕಾಯಿಗೆ ಎರಡು ಕಣ್ಣು ಬರೆದರು.

ಕಪನಯ್ಯನ ಮಾತು ಅಲ್ಲೇ ನಿಂತಿತು.

"ಯಾಕೋ?"

"ಅದು... ನೋಡ್ತಾ ಇದೆ, ಗುರುಗಳೇ."

"ಕುಂಬಳಕಾಯಿ ಕಣೋ ಅದು!"

"ಗೊತ್ತು. ಆದರೂ ಒಂಥರಾ ನೋಡ್ತಾ ಇದೆ."

ಗುರುಗಳು ಹಣೆ ಚಚ್ಚಿಕೊಂಡರು. ಕೈಯಲ್ಲಿ ಇದ್ದಿಲಿರುವುದು ಮರೆತಿದ್ದರು. ಸಂಜೆಯವರೆಗೂ ಹಣೆಯ ಮೇಲೆ ಕಪ್ಪು ನಾಮ ಹಾಕಿಕೊಂಡೇ ಓಡಾಡಿದರು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ರಾತ್ರಿ ಮಲಗುವ ಮುಂಚೆ ಕಪನಯ್ಯ ಕಾಲು ಹಿಡಿದ. "ಗುರುಗಳೇ, ನೀವು ಹೇಳಿದ ಜಪ ಮಾಡಿದೆ. ಉಸಿರು ಕಟ್ಟಿದೆ, ಉಸಿರು ಬಿಟ್ಟೆ. ಎಲ್ಲ ಮಾಡಿದೆ. ಈ ಭಯ ಮಾತ್ರ ಹೋಗ್ತಾ ಇಲ್ಲ. ಅದೊಂದು ಹೋಗಿಬಿಡಲಿ. ಹೋದ ಕೂಡಲೇ ಕಲ್ಲು ಹತ್ತುತ್ತೀನಿ. ನಿಮ್ಮಾಣೆ."

"ಅದು ಹೋಗೋವರೆಗೆ ಕಾಯ್ತೀಯಾ?"

"ಕಾಯ್ತೀನಿ."

"ಜನ?"



ಗುರುಗಳು ಚಾಪೆ ಕೊಡವಿದರು. "ಕೇಳು. ಬರೋ ಹುಣ್ಣಿಮೆಗೂ ನೀನು ಬಾಯಿ ಬಿಡಲಿಲ್ಲ ಅಂದ್ರೆ ದೋಣಿ ಹತ್ತಿ ಊರಿಗೆ ನಡಿ. ನಿಮ್ಮಪ್ಪನ ಗಾಣಕ್ಕೆ ಒಂದು ಎತ್ತು ಕಮ್ಮಿ ಇದೆಯಂತೆ."

ಇದು ತಮಾಷೆಯಲ್ಲ ಅಂತ ಕಪನಯ್ಯನಿಗೆ ಗೊತ್ತಾಯಿತು. ಒಂಬತ್ತು ವರ್ಷದಿಂದ ಅವನಿಗೆ ಈ ದಂಡೆ ಬಿಟ್ಟು ಬೇರೆ ಊರಿರಲಿಲ್ಲ.

ಮೂರನೇ ಹುಣ್ಣಿಮೆ. ಬೆಳಿಗ್ಗೆ ಇಬ್ಬರೂ ಜಗಲಿಯಲ್ಲಿ ಕೂತು ಊಟದ ಎಲೆ ಹಚ್ಚುತ್ತಿದ್ದರು. ಎಲೆಗೆ ಎಲೆ ಸೇರಿಸಿ ಸಣ್ಣ ಕಡ್ಡಿ ಚುಚ್ಚುವ ಕೆಲಸ. ಕಪನಯ್ಯನ ಕೈ ನಡುಗಿ, ಮುಟ್ಟಿದ ಎಲೆಯೆಲ್ಲ ಸೀಳುತ್ತಿತ್ತು. ಗುರುಗಳಿಗೆ ಎಪ್ಪತ್ತು ದಾಟಿತ್ತು. ಬೆರಳು ಒಂದಿಷ್ಟೂ ಅಲುಗಲಿಲ್ಲ, ಒಂದು ಎಲೆಯೂ ಸೀಳಲಿಲ್ಲ.

"ದರಿದ್ರದವನೇ, ಎಲೆ ಹಾಳು ಮಾಡಬೇಡ. ಏಳು," ಅಂದರು. ಒಳಗೆ ಹೋಗಿ ಅವನ ಬಟ್ಟೆಯ ಗಂಟು ತಂದು, ನೆಟ್ಟಗೆ ಹೋಗಿ ದೋಣಿಯಲ್ಲಿ ಇಟ್ಟು ಬಂದರು.

ಮಧ್ಯಾಹ್ನ ಜನ ಕೂತರು. ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡರು. ಕಪನಯ್ಯ ಕಲ್ಲು ಹತ್ತಿದ.

ಕಲ್ಲಿನ ಮೇಲಿಂದ ಗಂಟು ಕಾಣುತ್ತಿತ್ತು. ನಾನೂರು ಕಣ್ಣೂ ಕಾಣುತ್ತಿದ್ದವು. ಬಾಯಿ ತೆರೆದ. ಗಾಳಿ ಬಂತು. ಮಾತು ಬರಲಿಲ್ಲ.

"ಸ್ವಾಮೀ, ಅನ್ನ ಆರ್ತಾ ಇದೆ!" ದೇವೀರಮ್ಮ ಕೂಗಿದಳು.

ಗುರುಗಳಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಕಲ್ಲು ಹತ್ತಿಯೇ ಬಿಟ್ಟರು. ಅದು ಒಬ್ಬರು ನಿಲ್ಲುವ ಕಲ್ಲು. ಬೀಳದ ಹಾಗೆ ಅವನ ಮಣಿಕಟ್ಟು ಹಿಡಿದರು.

"ಇಳಿ ಕೆಳಗೆ. ಇರೋ ಗಂಟಲಲ್ಲೇ ನಾನು ಹೇಳ್ತೀನಿ."

ಕಪನಯ್ಯ ಇಳಿಯಲಿಲ್ಲ. ತನ್ನ ಮಣಿಕಟ್ಟನ್ನೇ ನೋಡುತ್ತಿದ್ದ. ಗುರುಗಳ ಕೈ ತಣ್ಣಗಿತ್ತು. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ನಡುಗುತ್ತಿತ್ತು. ಬೆಳಿಗ್ಗೆ ಅಷ್ಟು ಎಲೆ ಹಚ್ಚಿದ್ದು ಇದೇ ಕೈ.

"ಗುರುಗಳೇ, ನಿಮ್ಮ ಕೈ..."

"ಸುಮ್ನಿರೋ," ಗುರುಗಳು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಈ ಕಲ್ಲು ಹತ್ತಿದಾಗೆಲ್ಲ ಹೀಗೇ."

"ಯಾವಾಗಿಂದ?"

"ನಲವತ್ತು ವರ್ಷದಿಂದ."

"ಹಾಗಾದ್ರೆ ಭಯ ಹೋಗಲೇ ಇಲ್ವಾ?"

"ಎಲ್ಲಿಗೆ ಹೋಗುತ್ತೋ ಅದು!"

ಒಂಬತ್ತು ವರ್ಷದ ಜಪ, ಕಟ್ಟಿದ ಉಸಿರು, ಮೀನಿನ ಮಾತು, ಕಣ್ಣಿನ ಕುಂಬಳಕಾಯಿ ಎಲ್ಲ ಒಟ್ಟಿಗೆ ಕಪನಯ್ಯನ ನೆತ್ತಿಗೇರಿತು.

"ಮತ್ತೆ ಒಂಬತ್ತು ವರ್ಷ ಹೇಳಲಿಲ್ಲವಲ್ಲ!" ಎಂದು ಕಿರುಚಿದ. "ಬಾಯಲ್ಲಿ ಕಡುಬು ಇತ್ತಾ ಗುರುಗಳೇ!"



ಕಟ್ಟಕಡೆಯ ಸಾಲಿನಿಂದ ಒಬ್ಬ ಮುದುಕ ಎದ್ದು ನಿಂತು ಕೈ ಎತ್ತಿದ. "ಕೇಳಿಸ್ತು ಬುದ್ಧೀ! ಮೂರು ತಿಂಗಳಿಂದ ಇವತ್ತೇ ಕೇಳಿಸಿದ್ದು. ಮುಂದಕ್ಕೆ ಹೇಳಿ!"

ಕಪನಯ್ಯನ ಮುಖ ಕೆಂಪಾಯಿತು. ಹಿಂದಕ್ಕೆ ಸರಿಯೋಣ ಎಂದರೆ ಕಲ್ಲಿನಲ್ಲಿ ಜಾಗವಿರಲಿಲ್ಲ. ಜನರ ಕಡೆ ತಿರುಗಿದ. ಕಣ್ಣುಗಳು ಅಷ್ಟೂ ಇದ್ದವು. ಒಂದೂ ಕಮ್ಮಿಯಾಗಿರಲಿಲ್ಲ.

"ನಂಗೆ... ನಂಗೆ ಭಯ ಆಗ್ತಿದೆ," ಅಂದ. "ಕಾಲು ನೋಡಿ, ಹೆಂಗೆ ನಡುಗ್ತಿದೆ. ಗುರುಗಳಿಗೂ ಭಯವಂತೆ. ಈಗ ಗೊತ್ತಾಯ್ತು. ನಲವತ್ತು ವರ್ಷ ನಡುಗ್ತಾನೇ ಹತ್ತಿದ್ದಾರೆ. ಆದ್ರೆ ಒಂದು ಹುಣ್ಣಿಮೆಗೂ ನಿಮ್ಮ ಅನ್ನ ಆರೋಕೆ ಬಿಡಲಿಲ್ಲ. ನಾನು ಎರಡು ಸಲ ನಿಮ್ಮನ್ನ ಹಸಿವಲ್ಲಿ ಕೂರಿಸಿಬಿಟ್ಟೆ. ಇವತ್ತೂ ಕೂರಿಸ್ತಿದ್ದೆ. ತಪ್ಪಾಯ್ತು. ಉಣ್ಣಿ."

ದೇವೀರಮ್ಮ ಎರಡನೇ ಮಾತಿಗೆ ಕಾಯಲಿಲ್ಲ. ಸೌಟು ಆಗಲೇ ಅನ್ನದೊಳಗಿತ್ತು.

"ಇಂಥ ಪ್ರವಚನ ಆದ್ರೆ ದಿನಾ ಬರ್ತೀವಿ," ಅಂದ ಕಡೇ ಸಾಲಿನ ಮುದುಕ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಜನ ಹೋದ ಮೇಲೆ ಕಪನಯ್ಯ ದೋಣಿಯಿಂದ ತನ್ನ ಗಂಟು ಎತ್ತಿಕೊಂಡು ಬಂದ. ಗುರುಗಳು ನೋಡಿದರು, ಬೇಡ ಅನ್ನಲಿಲ್ಲ.

"ಗುರುಗಳೇ."

"ಮತ್ತೇನೋ ನಿನ್ನ ಗೋಳು?"

"ಬರೋ ಹುಣ್ಣಿಮೆಗೂ ಬರುತ್ತಾ ಅದು?"

"ಯಾವುದು?"

"ಭಯ."

"ಬರುತ್ತೆ. ಎಲ್ಲರಿಗಿಂತ ಮುಂಚೆ ಬಂದು ಕೂತಿರುತ್ತೆ."

"ಬಂದ್ರೆ ಏನು ಮಾಡ್ಲಿ?"

ಗುರುಗಳು ಉಳಿದ ಎಲೆಗಳನ್ನು ಜೋಡಿಸಿ ಕಟ್ಟುತ್ತಿದ್ದರು. ಬೆರಳು ಒಂದಿಷ್ಟೂ ಅಲುಗುತ್ತಿರಲಿಲ್ಲ. ತಲೆ ಎತ್ತದೆ ನಿಟ್ಟುಸಿರು ಬಿಟ್ಟರು.

"ಒಂಬತ್ತು ವರ್ಷ ಈ ಆಶ್ರಮದಲ್ಲಿ ಬಡಿಸಿದ್ದೀಯ, ಇನ್ನೂ ಇದನ್ನ ಕೇಳ್ತೀಯಲ್ಲೋ. ಅದಕ್ಕೂ ಒಂದು ಎಲೆ ಹಾಕು."